ವಿರೋಧೀ ಹಿಂಸೆಯ ಎಲ್ಲೆ
(ಉತ್ತರ ಐರ್ಲೆಂಡಿನ ಮೂವತ್ತೆಂಟು ವರ್ಷಗಳಿಂದ ಒಂದು ವಿಚಾರ)

ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಇವುಗಳಲ್ಲಿ ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸತಕ್ಕದ್ದು. ಅಡುಗೆ ಮನೆಗೆಲಸಗಳಲ್ಲಿ ಒದಗುವ ಆರಂಭೀ ಹಿಂಸೆಯನ್ನೂ, ಬೇಸಾಯ ವ್ಯಾಪಾರಾದಿಗಳಲ್ಲಿ ಒದಗುವ ಉದ್ಯೋಗೀ ಹಿಂಸೆಯನ್ನೂ ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳತಕ್ಕದ್ದು. ಇಲ್ಲಿಯವರೆಗೆ ಸಂದೇಹಕ್ಕೆ ಎಡೆಯಿಲ್ಲ. ಆದರೆ ನಾಲ್ಕನೆಯದಾದ ವಿರೋಧೀ ಹಿಂಸೆಯ ವಿಷಯ ಅಷ್ಟು ಸುಲಭವಲ್ಲ. ತನ್ನನ್ನು, ತನ್ನವರನ್ನು, ಆಶ್ರಿತರನ್ನು, ನಾಡನ್ನು ಕಾಯುವಾಗ ಅನಿವಾರ್ಯವಾಗಿ ಆಗುವ ಹಿಂಸೆಯಿದು. ಗೃಹಸ್ಥನಿಗೆ ಇದು ಸರ್ವಥಾ ನಿಷಿದ್ಧವಲ್ಲ. ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿ ಯುದ್ಧ ಮಾಡಿದವನೇ. ಆದರೂ ಅವನು ಶ್ರಾವಕನೇ.

ಹಾಗಾದರೆ ಪ್ರಶ್ನೆ ಇದು: ರಕ್ಷಣೆಗೆಂದು ಎತ್ತಿದ ಕೈ ಯಾವ ಗಳಿಗೆಯಲ್ಲಿ ಹಿಂಸೆಗೆಂದೇ ಎತ್ತಿದ ಕೈಯಾಗುತ್ತದೆ? ವಿರೋಧೀ ಹಿಂಸೆಯು ಎಲ್ಲಿ ಮುಗಿದು ಸಂಕಲ್ಪೀ ಹಿಂಸೆಯು ಎಲ್ಲಿ ಮೊದಲಾಗುತ್ತದೆ? ಈ ಎಲ್ಲೆಯನ್ನು ಬರಿಯ ತರ್ಕದಿಂದ ಗುರುತಿಸುವುದು ಕಷ್ಟ. ನಡೆದ ಸಂಗತಿಗಳನ್ನು ಮುಂದಿಟ್ಟುಕೊಂಡು ನೋಡಿದರೆ ಅದು ಕಣ್ಣಿಗೆ ಬೀಳುತ್ತದೆ. ಅದಕ್ಕಾಗಿ ದೂರದ ಒಂದು ನಾಡಿನ ವೃತ್ತಾಂತವನ್ನು ಇಲ್ಲಿ ಆರಿಸಿಕೊಂಡಿದೆ. ಬ್ರಿಟಿಷ್ ಸೇನೆಯು ಉತ್ತರ ಐರ್ಲೆಂಡಿನಲ್ಲಿ ೧೯೬೯ರ ಆಗಸ್ಟಿನಿಂದ ೨೦೦೭ರ ಜುಲೈ ೩೧ರವರೆಗೆ ನಡೆಸಿದ ಕಾರ್ಯಾಚರಣೆಯೇ ಅದು. 'ಆಪರೇಷನ್ ಬ್ಯಾನರ್' ಎಂದು ಅದರ ಹೆಸರು. ಈ ವೃತ್ತಾಂತವನ್ನೇ ಆರಿಸಿಕೊಳ್ಳಲು ಕಾರಣವಿದೆ. ಅಲ್ಲಿ ನಡೆದುದನ್ನು ಆ ರಾಜ್ಯವೇ ನ್ಯಾಯಾಧೀಶರನ್ನು ನೇಮಿಸಿ, ವರ್ಷಗಟ್ಟಲೆ ಸಾಕ್ಷ್ಯ ಕೇಳಿ, ತನ್ನ ದೋಷಗಳಲ್ಲಿ ಕೆಲವನ್ನು ತಾನೇ ಲೋಕದ ಮುಂದೆ ಓದಿ ಹೇಳಿದೆ. ಅಂಥ ದಾಖಲೆ ಎಲ್ಲ ಕಡೆಯೂ ದೊರೆಯುವುದಿಲ್ಲ.

೧೯೨೧ರಲ್ಲಿ ಐರ್ಲೆಂಡು ಇಬ್ಭಾಗವಾದಾಗ ಈಶಾನ್ಯದ ಆರು ಜಿಲ್ಲೆಗಳು ಬ್ರಿಟನ್ನಿನಲ್ಲಿಯೇ ಉಳಿದುವು. ಅಲ್ಲಿ ಬಹುಸಂಖ್ಯಾತರು ಪ್ರಾಟೆಸ್ಟೆಂಟರು. ಅವರಿಗೆ ಬ್ರಿಟನ್ನಿನೊಡನೆ ಇರುವುದೇ ಇಷ್ಟ. ಸುಮಾರು ಮೂರರಲ್ಲೊಂದು ಪಾಲು ಇದ್ದ ಕ್ಯಾಥೊಲಿಕರಲ್ಲಿ ಹೆಚ್ಚಿನವರಿಗೆ ಉಳಿದ ಐರ್ಲೆಂಡಿನೊಡನೆ ಸೇರಬೇಕೆಂಬ ಆಸೆ. ಇಬ್ಬರೂ ಒಬ್ಬನೇ ಏಸುವಿನ ಭಕ್ತರು, ಒಂದೇ ಭಾಷೆಯವರು. ಆದರೂ ಬೀದಿ ಬೇರೆ, ಶಾಲೆ ಬೇರೆ. ಸ್ಥಳೀಯ ಚುನಾವಣೆಯಲ್ಲಿ ಮನೆಯೊಡೆಯರಿಗೂ ತೆರಿಗೆದಾರರಿಗೂ ಮಾತ್ರ ಮತ. ಕ್ಷೇತ್ರಗಳ ಗಡಿಯನ್ನು ಎಳೆದ ರೀತಿಯಲ್ಲಿ ಪಕ್ಷಪಾತ. ಸರ್ಕಾರಿ ಮನೆಗಳ ಹಂಚಿಕೆಯಲ್ಲಿ ತಾರತಮ್ಯ. ಇವುಗಳನ್ನು ಸರಿಪಡಿಸಿರೆಂದು ೧೯೬೮ರ ಅಕ್ಟೋಬರ್ ೫ರಂದು ಡೆರಿ ನಗರದಲ್ಲಿ ಮೆರವಣಿಗೆ ಹೊರಟವರನ್ನು ಪೊಲೀಸರು ಲಾಠಿಯಿಂದ ಹೊಡೆದರು. ಮರುವರ್ಷದ ಆಗಸ್ಟಿನಲ್ಲಿ ಗಲಭೆ ಹೊತ್ತಿ ಉರಿಯಿತು. ಬೆಲ್‌ಫಾಸ್ಟ್ ನಗರದಲ್ಲಿ ಬಾಂಬೆ ಸ್ಟ್ರೀಟ್ ಎಂಬ, ನಮ್ಮ ನಾಡಿನ ಊರಿನ ಹೆಸರನ್ನೇ ಹೊತ್ತ ಕ್ಯಾಥೊಲಿಕರ ಬೀದಿಯೊಂದು ಸುಟ್ಟುಹೋಯಿತು.

ಆಗ ಸೇನೆ ಬಂದಿತು. ೧೯೬೯ರ ಆಗಸ್ಟ್ ೧೪ರಂದು ಡೆರಿಗೂ ಮರುದಿನ ಬೆಲ್‌ಫಾಸ್ಟಿಗೂ ಸೈನಿಕರು ಇಳಿದರು. ಕ್ಯಾಥೊಲಿಕರ ಮನೆಗಳ ಗೃಹಿಣಿಯರು ಬಾಗಿಲಿಗೆ ಬಂದು ಆ ಸೈನಿಕರಿಗೆ ಚಹಾ ಕೊಟ್ಟರು. ಇದನ್ನು ಮರೆಯಬಾರದು. ಬೆಂಕಿಗೂ ಮನೆಗಳಿಗೂ ನಡುವೆ ನಿಂತ ಸೈನಿಕನ ಅಂದಿನ ಕರ್ತವ್ಯ ಶುದ್ಧವಾದ ರಕ್ಷಣೆ. ಅಂದು ಅವನು ಬಂದೂಕು ಹಿಡಿದಿದ್ದನೆಂಬ ಮಾತ್ರಕ್ಕೆ ಅವನನ್ನು ಹಿಂಸಕನೆನ್ನಲಾಗದು. ಚಹಾ ಕೊಟ್ಟ ಆ ಬಾಗಿಲುಗಳು ಮುಚ್ಚಿಕೊಳ್ಳಲು ಒಂದು ವರ್ಷವೂ ಹಿಡಿಯಲಿಲ್ಲ.

೧೯೭೦ರ ಜುಲೈ ೩ರಂದು ಬೆಲ್‌ಫಾಸ್ಟಿನ ಫಾಲ್ಸ್ ಎಂಬ ಕೇರಿಯಲ್ಲಿ ಅಡಗಿಸಿದ ಆಯುಧಗಳನ್ನು ಹುಡುಕಲು ಸೇನೆ ನುಗ್ಗಿತು. ಆಯುಧಗಳು ಇದ್ದುದು ನಿಜ, ಸಿಕ್ಕಿದುದೂ ನಿಜ. ಆದರೆ ಜಗಳ ಎದ್ದೊಡನೆ ಇಡೀ ಕೇರಿಗೆ ಕರ್ಫ್ಯೂ ವಿಧಿಸಿ, ಕಣ್ಣೀರುಹೊಗೆಯನ್ನು ಬಿಟ್ಟು, ಮನೆ ಮನೆಯನ್ನೂ ಹೊಕ್ಕು ಶೋಧಿಸಲಾಯಿತು. ನಾಲ್ವರು ನಾಗರಿಕರು ಸತ್ತರು. ಎಳೆಗೂಸುಗಳಿದ್ದ ಮನೆಗಳಲ್ಲಿ ಹಾಲಿಲ್ಲದಾಯಿತು. ಜುಲೈ ೫ರಂದು ಅಕ್ಕಪಕ್ಕದ ಕೇರಿಗಳ ಹೆಂಗಸರು ಬ್ರೆಡ್ಡು ಹಾಲುಗಳನ್ನು ಹೊತ್ತು ಸಾಲಾಗಿ ನಡೆದು ಬಂದು ಸೈನಿಕರ ನಡುವೆಯೇ ತೂರಿ ಒಳಹೊಕ್ಕರು. ಕರ್ಫ್ಯೂ ಅಲ್ಲಿಗೆ ಮುರಿಯಿತು.

ಎಲ್ಲೆಯನ್ನು ದಾಟಿದ ಮೊದಲ ಹೆಜ್ಜೆ ಇದೆಂದು ನಮಗೆ ತೋರುತ್ತದೆ. ಅಲ್ಲಿಯವರೆಗೆ ವಿರೋಧಿಯೆಂದರೆ ಆಯುಧ ಹಿಡಿದ ಮನುಷ್ಯ. ಅಂದಿನಿಂದ ವಿರೋಧಿಯೆಂದರೆ ಒಂದು ಕೇರಿ. ಆಯುಧ ಹಿಡಿದವನಿಗೆ ಅದನ್ನು ಕೆಳಗಿಡುವ ದಾರಿಯುಂಟು. ಕೇರಿಯಲ್ಲಿ ಹುಟ್ಟಿದವನು ಏನನ್ನು ಕೆಳಗಿಟ್ಟಾನು? ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮೆರವಣಿಗೆಯವರು ಕೇಳಿದ ಸುಧಾರಣೆಗಳಲ್ಲಿ ಹಲವು ಅದೇ ಕಾಲದಲ್ಲಿ ಒಂದೊಂದಾಗಿ ಬರುತ್ತಿದ್ದುವು. ೧೯೬೯ರಲ್ಲಿ ಮತದ ಹಕ್ಕು ಸರಿಹೋಯಿತು. ೧೯೭೦ರಲ್ಲಿ ಜನ ದ್ವೇಷಿಸುತ್ತಿದ್ದ ವಿಶೇಷ ಪೊಲೀಸ್ ದಳ ರದ್ದಾಯಿತು. ೧೯೭೧ರಲ್ಲಿ ಮನೆಗಳ ಹಂಚಿಕೆ ಪ್ರತ್ಯೇಕ ಮಂಡಳಿಯ ಕೈಗೆ ಹೋಯಿತು. ಹಳೆಯ ಅನ್ಯಾಯಗಳು ತೀರುತ್ತಿದ್ದಾಗಲೇ ಸೇನೆಯ ನಡೆ ಹೊಸ ಅನ್ಯಾಯವನ್ನು ಹುಟ್ಟಿಸಿತು. ಐ.ಆರ್.ಎ. ಎಂದು ಹೆಸರಾದ ಗುಪ್ತ ಸಶಸ್ತ್ರ ಸಂಘಟನೆಗೆ ಅಲ್ಲಿಯವರೆಗೆ ದೊರೆಯದಿದ್ದ ಯುವಕರು ಈಗ ತಾವಾಗಿಯೇ ಹೋಗಿ ಸೇರತೊಡಗಿದರು.

ಎರಡನೆಯ ಹೆಜ್ಜೆ ೧೯೭೧ರ ಆಗಸ್ಟ್ ೯ರದು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕ್ರಮ ಜಾರಿಗೆ ಬಂದು ಆ ಮುಂಜಾವಿನಲ್ಲಿ ೩೪೨ ಜನರನ್ನು ಹಿಡಿಯಲಾಯಿತು. ಪ್ರಾಟೆಸ್ಟೆಂಟರ ಕಡೆಯಲ್ಲಿಯೂ ಕೊಲೆ ಮಾಡುವ ಗುಂಪುಗಳಿದ್ದುವು. ಆದರೂ ಅಂದು ಆ ಗುಂಪುಗಳವರು ಒಬ್ಬರೂ ಬಂಧಿತರಾಗಲಿಲ್ಲ. ಪಟ್ಟಿಗಳು ಹಳೆಯವಾದುದರಿಂದ ನೂರಕ್ಕೆ ಮೇಲ್ಪಟ್ಟವರನ್ನು ಕೆಲವೇ ದಿನಗಳಲ್ಲಿ ಬಿಡಬೇಕಾಯಿತು. ಬಂಧಿತರಲ್ಲಿ ಹದಿನಾಲ್ಕು ಮಂದಿಯನ್ನು ಮಾತ್ರ ಬೇರೆ ಮಾಡಿ ಐದು ಬಗೆಯ ಉಪಾಯಗಳನ್ನು ಅವರ ಮೇಲೆ ಪ್ರಯೋಗಿಸಿದರು: ಗೋಡೆಗೆ ಕೈಯೂರಿ ಗಂಟೆಗಟ್ಟಲೆ ನಿಲ್ಲಿಸುವುದು, ತಲೆಗೆ ಚೀಲದ ಮುಸುಕು ಹಾಕುವುದು, ಎಡೆಬಿಡದ ಕರ್ಕಶ ಶಬ್ದವನ್ನು ಕೇಳಿಸುವುದು, ನಿದ್ರೆಗೆಡಿಸುವುದು, ಅನ್ನಪಾನಗಳನ್ನು ತಡೆಯುವುದು.

ಶ್ರಾವಕ ಬಂಧುಗಳಿಗೆ ಇಲ್ಲಿ ಒಂದು ಸ್ಮರಣೆ ಬಾರದಿರದು. ಅಹಿಂಸಾಣುವ್ರತಕ್ಕೆ ಆಚಾರ್ಯರು ಹೇಳಿರುವ ಅತಿಚಾರಗಳೂ ಐದೇ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಹೊಡೆಯುವುದು. ನಮ್ಮ ಹಿರಿಯರು ಇವನ್ನು ಹಟ್ಟಿಯ ದನಕರುಗಳ ಮತ್ತು ಮನೆಯ ಆಳುಕಾಳುಗಳ ವಿಷಯದಲ್ಲಿ ವಿವರಿಸುತ್ತ ಬಂದರು. ಆದರೆ ಇದರ ಹುರುಳು ದೊಡ್ಡದು. ನಮ್ಮ ಅಧೀನದಲ್ಲಿರುವ, ಓಡಿಹೋಗಲಾರದ, ತಿರುಗಿ ಹೊಡೆಯಲಾರದ ಜೀವಕ್ಕೆ ಕೊಡುವ ಪೀಡೆಯೇ ಈ ಐದರ ತಿರುಳು. ಸೆರೆ ಸಿಕ್ಕ ವೈರಿ ವೈರಿಯಾಗಿ ಉಳಿಯುವುದಿಲ್ಲ, ಅವನು ಅಧೀನನಾಗುತ್ತಾನೆ. ಅವನ ಮೇಲೆ ನಡೆಯುವ ಯಾವ ಹಿಂಸೆಗೂ 'ವಿರೋಧೀ' ಎಂಬ ಹೆಸರು ಸಲ್ಲದು. ಅನ್ನವನ್ನು ತಾನಾಗಿ ಬಿಡುವುದು ತಪಸ್ಸು. ಇನ್ನೊಬ್ಬನ ಅನ್ನವನ್ನು ತಡೆಯುವುದು ಪಾಪ. ಉಪವಾಸದ ಬೆಲೆ ಬಲ್ಲವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಬ್ರಿಟಿಷ್ ಪ್ರಧಾನಮಂತ್ರಿ ೧೯೭೨ರ ಮಾರ್ಚಿನಲ್ಲಿ ಈ ಐದು ಉಪಾಯಗಳನ್ನು ನಿಷೇಧಿಸಿದರು. ೧೯೭೮ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಇವು ಅಮಾನುಷವೂ ಅವಮಾನಕರವೂ ಆದ ವರ್ತನೆಯೆಂದು ತೀರ್ಪಿತ್ತಿತು. ಚಿತ್ರಹಿಂಸೆಯೆಂಬ ಹೆಸರನ್ನು ಮಾತ್ರ ಕೊಡಲಿಲ್ಲ. ಹೆಸರು ಯಾವುದಾದರೇನು?

ಇದರಿಂದ ಶಾಂತಿ ಬಂದಿತೇ? ಬಂಧನದ ಕ್ರಮ ಬಂದ ಮೇಲೆ ಆ ವರ್ಷದ ಉಳಿದ ತಿಂಗಳುಗಳಲ್ಲಿ ಸತ್ತವರ ಸಂಖ್ಯೆ ಅದಕ್ಕೆ ಮೊದಲಿನ ಏಳು ತಿಂಗಳದಕ್ಕಿಂತ ಹಲವು ಪಟ್ಟು ಹೆಚ್ಚಾಯಿತು. ಆಗಸ್ಟ್ ೯ರಿಂದ ೧೧ರವರೆಗೆ ಬ್ಯಾಲಿಮರ್ಫಿ ಎಂಬಲ್ಲಿ ಹತ್ತು ಮಂದಿ ಗುಂಡಿಗೆ ಸಿಕ್ಕಿ ಸತ್ತರು. ಗಾಯಗೊಂಡವನಿಗೆ ನೆರವಾಗಹೋದ ಒಬ್ಬ ಪಾದ್ರಿ, ಎಂಟು ಮಕ್ಕಳ ತಾಯಿಯೊಬ್ಬಳು ಅವರಲ್ಲಿದ್ದರು. ಹತ್ತೂ ಮಂದಿ ಪೂರ್ಣ ನಿರಪರಾಧಿಗಳೆಂದು ವಿಚಾರಣಾಧಿಕಾರಿಯು ಹೇಳಿದುದು ೨೦೨೧ರಲ್ಲಿ, ಐವತ್ತು ವರ್ಷಗಳ ಮೇಲೆ.

೧೯೭೨ರ ಜನವರಿ ೩೦, ಭಾನುವಾರ. ಇದೇ ಬಂಧನವನ್ನು ಪ್ರತಿಭಟಿಸಿ ಡೆರಿಯಲ್ಲಿ ಹೊರಟ ಮೆರವಣಿಗೆಯ ಮೇಲೆ ಪ್ಯಾರಾಚೂಟ್ ರೆಜಿಮೆಂಟಿನ ಸೈನಿಕರು ಗುಂಡು ಹಾರಿಸಿದರು. ಹದಿಮೂರು ಜನ ಅಂದೇ ಸತ್ತರು. ಇನ್ನೊಬ್ಬ ಕೆಲವು ತಿಂಗಳ ಮೇಲೆ ಸತ್ತ. ಆರು ಮಂದಿ ಹದಿನೇಳು ವರ್ಷದ ಹುಡುಗರು. ಆ ಸೈನಿಕರು ನಿಯಮವಿಲ್ಲದವರಾಗಿರಲಿಲ್ಲ. ಅವರಿಗೆ ಕೊಟ್ಟಿದ್ದ ಹಳದಿ ಚೀಟಿಯಲ್ಲಿ, ಅವಶ್ಯವಿರುವಷ್ಟೇ ಬಲವನ್ನು ಬಳಸಬೇಕು, ಜೀವಕ್ಕೆ ಅಪಾಯವಿದ್ದಾಗಲೇ ಗುಂಡು ಹಾರಿಸಬೇಕು, ಸಾಧ್ಯವಾದಾಗಲೆಲ್ಲ ಮೊದಲು ಎಚ್ಚರಿಸಬೇಕು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನಿಯಮ ಜೇಬಿನಲ್ಲಿತ್ತು, ಬಗೆಯಲ್ಲಿ ಇರಲಿಲ್ಲ. ಎದುರಿಗಿರುವವರೆಲ್ಲ ವೈರಿಗಳೆಂದು ಬಗೆದವನಿಗೆ, ಬಿಳಿಯ ಬಟ್ಟೆ ಹಿಡಿದ ಕೈಯೂ ಆಯುಧ ಹಿಡಿದ ಕೈಯಂತೆಯೇ ಕಾಣುತ್ತದೆ. ಪ್ರಮಾದದಿಂದ ಆಗುವ ಪ್ರಾಣಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರಕಾರರು ಹೇಳಿದುದರ ಆಳ ಇಂಥಲ್ಲಿ ತಿಳಿಯುತ್ತದೆ. ಪ್ರಮಾದವೆಂದರೆ ಕೇವಲ ಅಜಾಗರೂಕತೆಯಲ್ಲ, ಕಷಾಯದಿಂದ ಮಬ್ಬಾದ ಬಗೆ. ವ್ರತಕ್ಕೂ ಆಜ್ಞೆಗೂ ಇರುವ ವ್ಯತ್ಯಾಸ ಇದೇ. ಆಜ್ಞೆಯು ಕೈಯನ್ನು ಕಟ್ಟುತ್ತದೆ, ಅದೂ ನೋಡುವವರಿದ್ದಾಗ. ವ್ರತವು ಕಷಾಯವನ್ನು ಕಟ್ಟುತ್ತದೆ.

ಹಿಂಸೆಯ ಬೆನ್ನಿಗೇ ಅಸತ್ಯ ಬಂದಿತು. ಮೂರು ತಿಂಗಳೊಳಗೆ ಹೊರಬಿದ್ದ ಮೊದಲ ವಿಚಾರಣೆಯ ವರದಿ ಸೈನಿಕರನ್ನು ಬಹುಮಟ್ಟಿಗೆ ಸಮರ್ಥಿಸಿ, ಸತ್ತವರ ಮೇಲೆಯೇ ಸಂದೇಹದ ನೆರಳು ಬೀಳಿಸಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು, ಸತ್ತ ಮಗನ ಕಳಂಕವನ್ನೂ ಹೊರಬೇಕಾಯಿತು. ೧೯೯೮ರಲ್ಲಿ ನೇಮಕವಾದ ಎರಡನೆಯ ವಿಚಾರಣೆ ಹನ್ನೆರಡು ವರ್ಷ ನಡೆದು, ೨೦೧೦ರ ಜೂನ್ ೧೫ರಂದು ಹತ್ತು ಸಂಪುಟಗಳ ವರದಿಯನ್ನು ಕೊಟ್ಟಿತು. ಗುಂಡಿಗೆ ಸಿಕ್ಕಿದವರಲ್ಲಿ ಯಾರೊಬ್ಬರೂ ಸೈನಿಕರ ಜೀವಕ್ಕೆ ಅಪಾಯ ತರುವಂತಿರಲಿಲ್ಲವೆಂದೂ, ಸೈನಿಕರಲ್ಲಿ ಹಲವರು ತಿಳಿದೂ ಸುಳ್ಳು ಹೇಳಿದರೆಂದೂ ಅದು ನಿರ್ಣಯಿಸಿತು. ಪ್ರಧಾನಮಂತ್ರಿ ಕ್ಯಾಮರನ್ ಅಂದೇ ಲೋಕಸಭೆಯಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಮೊಕದ್ದಮೆಗೆ ಗುರಿಯಾದ ಒಬ್ಬನೇ ಒಬ್ಬ ಮಾಜಿ ಸೈನಿಕ ೨೦೨೫ರಲ್ಲಿ ಸಾಕ್ಷ್ಯ ಸಾಲದೆ ಬಿಡುಗಡೆಯಾದನು. ನ್ಯಾಯಾಲಯ ಸಾಕ್ಷ್ಯವನ್ನೇ ನೋಡಬೇಕು, ಅದು ಸರಿ. ಆದರೆ ಆರಂಭದಲ್ಲಿಯೇ ಸತ್ಯವನ್ನು ಮುಚ್ಚಿದರೆ ಕಡೆಯಲ್ಲಿ ನ್ಯಾಯಕ್ಕೆ ಆಧಾರವೇ ಉಳಿಯುವುದಿಲ್ಲ.

ಇಷ್ಟನ್ನು ಓದಿ ದೋಷವೆಲ್ಲ ಸೇನೆಯದೇ ಎಂದು ತಿಳಿದರೆ ಅದು ಏಕಾಂತವಾದವಾದೀತು. ಮೂವತ್ತು ವರ್ಷಗಳ ಆ ಕಲಹದಲ್ಲಿ ಸತ್ತವರು ೩,೫೦೦ಕ್ಕಿಂತ ಹೆಚ್ಚು. ಅವರಲ್ಲಿ ಅರ್ಧಕ್ಕೂ ಮಿಕ್ಕಿ ನಿರಾಯುಧ ನಾಗರಿಕರು. ಅತಿ ಹೆಚ್ಚು ಜನರನ್ನು ಕೊಂದುದು ಐ.ಆರ್.ಎ. ಮೊದಲಾದ ಗಣರಾಜ್ಯವಾದಿ ಗುಂಪುಗಳು, ಸುಮಾರು ೨,೦೦೦. ಪ್ರಾಟೆಸ್ಟೆಂಟರ ಕಡೆಯ ಗುಂಪುಗಳು ಸುಮಾರು ಸಾವಿರ ಜನರನ್ನು ಕೊಂದುವು. ಸೇನೆಯಿಂದ ಸತ್ತವರು ಸುಮಾರು ೩೦೦; ಸೇನೆಯವರೇ ಸುಮಾರು ೭೦೦ ಮಂದಿ ಸತ್ತರು. ೧೯೭೨ರ ಜುಲೈ ೨೧ರಂದು ಐ.ಆರ್.ಎ. ಬೆಲ್‌ಫಾಸ್ಟಿನಲ್ಲಿ ಒಂದೂವರೆ ಗಂಟೆಯೊಳಗೆ ಇಪ್ಪತ್ತರಷ್ಟು ಬಾಂಬುಗಳನ್ನು ಸಿಡಿಸಿ ಒಂಬತ್ತು ಜನರನ್ನು ಕೊಂದಿತು. ಅಂಗಡಿಬೀದಿಯಲ್ಲಿ ಬಾಂಬಿಟ್ಟು ಹೋದವನದು ಯಾವ ವಿರೋಧೀ ಹಿಂಸೆ? ಅಲ್ಲಿ ಅವನ ವಿರೋಧಿ ಯಾರು? ಅದು ಸಂಕಲ್ಪೀ ಹಿಂಸೆಯೇ. ಎರಡು ಧರ್ಮದವರ ನಡುವೆ ನಿಂತು ಕೊಲೆಗಳನ್ನು ತಡೆದ ಸೈನಿಕರು, ಬಾಂಬುಗಳನ್ನು ನಿಷ್ಕ್ರಿಯಗೊಳಿಸುತ್ತ ಸತ್ತ ಸೈನಿಕರು ಇದ್ದರೆಂಬುದನ್ನೂ ಹೇಳಲೇಬೇಕು.

ಆದರೂ ಸಂಖ್ಯೆ ಕಡಿಮೆಯೆಂದು ದೋಷ ಕಡಿಮೆಯಾಗುವುದಿಲ್ಲ. ರಕ್ಷಿಸುತ್ತೇನೆಂದು ಬಂದವನ ಹೊಣೆ ಕೊಲ್ಲುತ್ತೇನೆಂದು ಬಂದವನ ಹೊಣೆಗಿಂತ ಬೇರೆ. ಮೇಲಾಗಿ ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ವಿಧ. ಮಾಡಿದವರ ಸಂಖ್ಯೆಗೂ ಅದರ ಫಲವನ್ನು ಉಣ್ಣುವವರ ಸಂಖ್ಯೆಗೂ ತಾಳೆಯಾಗಲೇಬೇಕೆಂದಿಲ್ಲವೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವೇಚಿಸಿದ್ದಾರೆ. ಗುಂಡು ಹಾರಿಸಿದವನು ಇಪ್ಪತ್ತು ವರ್ಷದ ಸೈನಿಕ. ಅವನನ್ನು ಅಲ್ಲಿಗೆ ಕಳುಹಿಸಿದವರು, ಕೆನ್ಯಾ ಮಲಯಾಗಳಂಥ ವಸಾಹತುಗಳಲ್ಲಿ ಕಲಿತ ಉಪಾಯಗಳನ್ನು ತಮ್ಮದೇ ಪ್ರಜೆಗಳ ಮೇಲೆ ಪ್ರಯೋಗಿಸಬಹುದೆಂದು ಬಗೆದ ಅಧಿಕಾರಿಗಳು, ಮೊದಲ ವರದಿಯನ್ನು ಓದಿ ಸಮಾಧಾನಪಟ್ಟ ದೂರದ ಪ್ರಜೆಗಳು, ಇವರೆಲ್ಲರ ಪಾಲು ಎಷ್ಟು? ಮುಂದೆ ಸೇನೆಯು ಐ.ಆರ್.ಎ.ಯ ಒಳಗೇ ತನ್ನ ಗುಪ್ತಚರನನ್ನು ಇಟ್ಟುಕೊಂಡಿತು. 'ಸ್ಟೇಕ್‌ನೈಫ್' ಎಂಬ ಗುಪ್ತನಾಮದ ಅವನು ದ್ರೋಹಿಗಳೆಂದು ಸಂದೇಹಿಸಲ್ಪಟ್ಟವರನ್ನು ವಿಚಾರಿಸಿ ಕೊಲ್ಲಿಸುವ ತಂಡದಲ್ಲಿಯೇ ಇದ್ದ. ಅವನಿಂದ ನೂರಾರು ಜೀವಗಳು ಉಳಿದುವೆಂದು ಹೇಳುತ್ತಿದ್ದರು. ವರ್ಷಗಟ್ಟಲೆ ತನಿಖೆ ಮಾಡಿದ ಪೊಲೀಸ್ ತಂಡವು ೨೦೨೪ರಲ್ಲಿ, ಉಳಿದ ಜೀವಗಳಿಗಿಂತ ಹೋದ ಜೀವಗಳೇ ಹೆಚ್ಚಿರಬೇಕೆಂದು ಹೇಳಿತು. ನಾಲ್ಕು ಜೀವಗಳನ್ನು ಉಳಿಸಲು ಒಂದು ಜೀವವನ್ನು ಬಿಟ್ಟುಕೊಡಬಹುದೆಂಬ ಲೆಕ್ಕಕ್ಕೆ ಕುಳಿತವನಿಗೆ ಕಡೆಗೆ ಲೆಕ್ಕವೂ ತಪ್ಪುತ್ತದೆ.

ಈ ವೃತ್ತಾಂತದಲ್ಲಿ ಉಪವಾಸದ ಅಧ್ಯಾಯವೊಂದಿದೆ. ಈ ಪತ್ರಿಕೆಯ ವಾಚಕರು ಅದನ್ನು ಕೇಳದೆ ಬಿಡಲಾರರು. ಸಾಲಗಾರನ ಬಾಗಿಲಲ್ಲಿ ಉಪವಾಸ ಕುಳಿತು ನ್ಯಾಯ ಕೇಳುವ ಪದ್ಧತಿ ಪ್ರಾಚೀನ ಐರ್ಲೆಂಡಿನ ಧರ್ಮಶಾಸ್ತ್ರದಲ್ಲಿಯೇ ಇತ್ತು. ನಮ್ಮ ನಾಡಿನ ಧರಣಿಗೂ ಅದಕ್ಕೂ ಬಹಳ ಹೋಲಿಕೆ. ೧೯೨೦ರಲ್ಲಿ ಕಾರ್ಕ್ ನಗರದ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿ ಬ್ರಿಟಿಷರ ಸೆರೆಮನೆಯಲ್ಲಿ ೭೪ ದಿನ ಅನ್ನ ಬಿಟ್ಟು ಸತ್ತರು. ೧೯೨೯ರಲ್ಲಿ ಲಾಹೋರಿನ ಸೆರೆಮನೆಯಲ್ಲಿ ೬೩ ದಿನಗಳ ಉಪವಾಸದಿಂದ ಜತೀಂದ್ರನಾಥ ದಾಸರು ಸತ್ತುದನ್ನು ನಮ್ಮ ಹಿರಿಯರು ಬಲ್ಲರು. ತಮ್ಮನ್ನು ಸಾಮಾನ್ಯ ಅಪರಾಧಿಗಳೆಂದು ಎಣಿಸಬಾರದು, ಸೆರೆಯ ಉಡುಪು ತೊಡಿಸಬಾರದು ಮೊದಲಾದ ಐದು ಬೇಡಿಕೆಗಳನ್ನಿಟ್ಟು ೧೯೮೧ರ ಮಾರ್ಚ್ ೧ರಂದು ಬಾಬಿ ಸ್ಯಾಂಡ್ಸ್ ಎಂಬ ಐ.ಆರ್.ಎ. ಸೆರೆಯಾಳು ಉಪವಾಸಕ್ಕೆ ಕುಳಿತನು. ಏಪ್ರಿಲ್‌ನಲ್ಲಿ, ಸೆರೆಯಲ್ಲಿದ್ದಂತೆಯೇ, ಅವನು ಬ್ರಿಟಿಷ್ ಸಂಸತ್ತಿಗೆ ಚುನಾಯಿತನಾದನು. ಮೇ ೫ರಂದು, ೬೬ನೆಯ ದಿನ, ಸತ್ತನು. ಅವನ ಹಿಂದೆ ಒಂಬತ್ತು ಮಂದಿ ಸತ್ತರು. ಸರ್ಕಾರ ಬಾಗಲಿಲ್ಲ. ಕಡೆಗೆ ಪ್ರಜ್ಞೆ ತಪ್ಪಿದ ಮಕ್ಕಳಿಗೆ ಆಹಾರ ಕೊಡಿರೆಂದು ತಾಯಂದಿರೇ ವೈದ್ಯರಿಗೆ ಹೇಳತೊಡಗಿದ ಮೇಲೆ ಅಕ್ಟೋಬರ್ ೩ರಂದು ಉಪವಾಸ ನಿಂತಿತು. ಮೂರು ದಿನಗಳ ಮೇಲೆ ಸರ್ಕಾರವು ಸ್ವಂತ ಬಟ್ಟೆ ತೊಡಲು ಅನುಮತಿಯಿತ್ತಿತು.

ಇದನ್ನು ಸಲ್ಲೇಖನಕ್ಕೆ ಹೋಲಿಸುವವರುಂಟು. ಹೋಲಿಕೆ ಸಲ್ಲದು. ಸಲ್ಲೇಖನಕ್ಕೆ ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನಗಳೆಂಬ ಐದೂ ಅತಿಚಾರಗಳು. ಏನನ್ನಾದರೂ ಪಡೆಯಲೆಂದು, ಸಂಗಾತಿಗಳಿಗಾಗಿ, ಎದುರಾಳಿಯ ಮೇಲಣ ಛಲದಿಂದ ಅನ್ನ ಬಿಡುವುದು ಕಷಾಯವನ್ನು ಕೃಶಗೊಳಿಸುವುದಿಲ್ಲ. ಅವರ ಸಂಘಟನೆ ಹೊರಗೆ ಕೊಲೆಗಳನ್ನು ನಿಲ್ಲಿಸಿರಲೂ ಇಲ್ಲ. ಹಾಗೆಂದು ಆ ಹತ್ತು ಮಂದಿಯ ಸಾವನ್ನು ತಿರಸ್ಕರಿಸಿ ಮಾತನಾಡುವುದೂ ಜೈನನಿಗೆ ತಕ್ಕುದಲ್ಲ. ಇನ್ನೊಬ್ಬರ ದೇಹಕ್ಕೆ ಗುರಿಯಿಟ್ಟಿದ್ದವರು ತಮ್ಮ ದೇಹವನ್ನೇ ಪಣವಾಗಿಟ್ಟಾಗ, ಜನ ಅವರ ಮಾತಿಗೆ ಮೊದಲ ಸಲ ಮತದಿಂದ ಉತ್ತರ ಕೊಟ್ಟರು. ಮುಂದೆ ಅವರ ಪಕ್ಷ ಚುನಾವಣೆಯ ದಾರಿ ಹಿಡಿಯಲು ಇದು ಒಂದು ಕಾರಣವಾಯಿತು. ಬಂದೂಕು ತೆರೆಯದ ಬಾಗಿಲನ್ನು ಅಶುದ್ಧವಾದ ಉಪವಾಸವೂ ತುಸು ತೆರೆಯಿತು.

೧೯೯೮ರ ಏಪ್ರಿಲ್ ೧೦ರಂದು ಒಪ್ಪಂದವಾಯಿತು. ಅಧಿಕಾರವನ್ನು ಇಬ್ಬರೂ ಹಂಚಿಕೊಳ್ಳುವುದು, ಬಹುಜನರ ಒಪ್ಪಿಗೆಯಿಲ್ಲದೆ ನಾಡಿನ ಸ್ಥಾನಮಾನವನ್ನು ಬದಲಿಸದಿರುವುದು, ಪೊಲೀಸ್ ವ್ಯವಸ್ಥೆಯನ್ನು ಸುಧಾರಿಸುವುದು ಎಂದು ನಿಶ್ಚಯವಾಯಿತು. ಮೇ ತಿಂಗಳ ಜನಮತದಲ್ಲಿ ನೂರಕ್ಕೆ ೭೧ ಮಂದಿ ಒಪ್ಪಿದರು. ಐ.ಆರ್.ಎ. ೨೦೦೫ರಲ್ಲಿ ಆಯುಧಗಳನ್ನು ತ್ಯಜಿಸಿತು. ಸೇನೆಯೇ ೨೦೦೬ರಲ್ಲಿ ತನ್ನ ಕಾರ್ಯಾಚರಣೆಯನ್ನು ವಿಮರ್ಶಿಸಿ ಬರೆದ ಗ್ರಂಥದಲ್ಲಿ, ಸಾಮಾನ್ಯಾರ್ಥದಲ್ಲಿ ತಾನು ಗೆದ್ದೆನೆಂದು ಹೇಳಿಕೊಳ್ಳಲಿಲ್ಲ. ವಿಚಾರಣೆಯಿಲ್ಲದ ಬಂಧನ ದೊಡ್ಡ ತಪ್ಪೆಂದು ಒಪ್ಪಿಕೊಂಡಿತು. ಬೆಲ್‌ಫಾಸ್ಟಿನಲ್ಲಿ ಕೇರಿ ಕೇರಿಗಳ ನಡುವೆ ಎದ್ದ ಗೋಡೆಗಳಲ್ಲಿ ಹಲವು ಇಂದಿಗೂ ನಿಂತಿವೆ.

ಇಷ್ಟರಿಂದ ನಮಗೆ ದೊರೆಯುವ ಎಲ್ಲೆಯ ಗುರುತುಗಳು ಮೂರು. ಒಂದು: ವಿರೋಧಿಯೆಂದರೆ ಈಗ ಕೈಯೆತ್ತಿ ಬಂದವನು ಮಾತ್ರ, ಅವನ ಜಾತಿ, ಕೇರಿ, ಧರ್ಮಗಳು ವಿರೋಧಿಗಳಲ್ಲ. ಎರಡು: ಅವನ ಕೈ ನಿಂತೊಡನೆ, ಅವನು ನಮ್ಮ ಅಧೀನನಾದೊಡನೆ, ನಮ್ಮ ಕೈ ನಿಲ್ಲಬೇಕು. ಮೂರು: ಆದ ಹಿಂಸೆಯನ್ನು ಮುಚ್ಚಬಾರದು, ಆಲೋಚನೆ ಪ್ರತಿಕ್ರಮಣಗಳಿಲ್ಲದ ರಕ್ಷಣೆ ಮುಂದಣ ಹಿಂಸೆಗೆ ಬೀಜ. ಈ ಮೂರರಲ್ಲಿ ಒಂದು ತಪ್ಪಿದರೂ ಅದಕ್ಕೆ ರಕ್ಷಣೆಯೆಂಬ ಹೆಸರು ಸಲ್ಲದು.

ನಾವು ಸೈನಿಕರಲ್ಲ, ಇದು ನಮಗೇಕೆ ಎನ್ನಬಹುದು. ಕೃತ ಕಾರಿತಗಳು ನಮ್ಮಿಂದ ದೂರವಿರಬಹುದು, ಅನುಮೋದನೆ ದೂರವಿಲ್ಲ. ಎಲ್ಲಿಯೋ ಒಂದು ಕೇರಿಯನ್ನು ಶಿಕ್ಷಿಸಿದರೆಂಬ ವಾರ್ತೆಯನ್ನು ಓದಿ 'ಹಾಗೇ ಆಗಬೇಕು' ಎಂದು ಮನಸ್ಸು ಸಂತೋಷಪಟ್ಟರೆ, ಅಂದಿನ ಏಕಾಶನವೂ ಸಾಮಾಯಿಕವೂ ಎಷ್ಟು ಶುದ್ಧವಾಗಿ ಉಳಿದುವೆಂದು ನಾವೇ ಕೇಳಿಕೊಳ್ಳಬೇಕು.

೧೯೮೭ರ ನವೆಂಬರ್ ೮ರಂದು ಎನ್ನಿಸ್ಕಿಲ್ಲೆನ್ ಎಂಬ ಊರಿನಲ್ಲಿ, ಯುದ್ಧದಲ್ಲಿ ಮಡಿದವರನ್ನು ಸ್ಮರಿಸಲು ನೆರೆದಿದ್ದವರ ನಡುವೆ ಐ.ಆರ್.ಎ.ಯ ಬಾಂಬು ಸಿಡಿದು ಹನ್ನೊಂದು ಜನ ಸತ್ತರು. ಗೋಡೆಯ ಅವಶೇಷದಡಿ ಮಗಳ ಕೈ ಹಿಡಿದು ಬಿದ್ದಿದ್ದ ಗಾರ್ಡನ್ ವಿಲ್ಸನ್ ಎಂಬ ಜವಳಿ ವ್ಯಾಪಾರಿ ಬದುಕಿದರು; ಮಗಳು ಬದುಕಲಿಲ್ಲ. ಅದೇ ದಿನ ಆಕಾಶವಾಣಿಯವರು ಕೇಳಿದಾಗ, ಕೊಂದವರ ಮೇಲೆ ತಮಗೆ ಹಗೆಯಿಲ್ಲವೆಂದೂ ಅವರಿಗಾಗಿ ಪ್ರಾರ್ಥಿಸುವೆನೆಂದೂ ಅವರು ಹೇಳಿದರು. ಆ ಮಾತನ್ನು ಕೇಳಿ, ಸೇಡಿಗೆ ಸಿದ್ಧವಾಗುತ್ತಿದ್ದ ಪ್ರಾಟೆಸ್ಟೆಂಟರ ಗುಂಪುಗಳವರೂ ಹಿಂದೆಗೆದರೆಂದು ಹೇಳುತ್ತಾರೆ. ಅವರು ಜೈನರಲ್ಲ, ಉತ್ತಮ ಕ್ಷಮಾಧರ್ಮದ ಹೆಸರನ್ನೂ ಕೇಳಿದವರಲ್ಲ. ದಶಲಕ್ಷಣ ಪರ್ವದ ಮೊದಲ ದಿನ ನಾವು ಕ್ಷಮೆಯ ಪೂಜೆ ಮಾಡುವಾಗ, ಅವರು ಕ್ಷಮಿಸಿದುದು ಎಂಥ ಹೊತ್ತಿನಲ್ಲಿ ಎಂಬುದನ್ನು ಒಂದು ಕ್ಷಣ ನೆನೆಯೋಣ.